ಎಷ್ಟು ಕೈಗಳಲ್ಲಿ ಫಿಸ್ಟುಲಾ?

ಡಯಾಲಿಸಿಸ್‌ನ ಆರಂಭದ ದಿನಗಳಲ್ಲಿ ಯಂತ್ರಕ್ಕಿಂತ ರಕ್ತ ಹೋಗಿಬರುವ ದಾರಿಯೇ ದೊಡ್ಡ ತೊಡಕಾಗಿತ್ತು. ಪ್ರತಿ ಸಲವೂ ಹೊಸ ರಕ್ತನಾಳ ಕೊಯ್ಯಬೇಕು. ನಾಳಗಳು ಮುಗಿದವೆಂದರೆ ಚಿಕಿತ್ಸೆಯೂ ಮುಗಿದಂತೆ. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯನ್ನು ರೋಗಿಯ ತೋಳಿನಲ್ಲೇ ಉಳಿಸಿದರು. 1966ರಲ್ಲಿ ನ್ಯೂಯಾರ್ಕ್‌ನ ಬ್ರೆಸಿಯಾ, ಚಿಮಿನೊ ಮತ್ತು ಸಂಗಡಿಗರು ಕೊಳವೆಯೂ ಬೇಡವೆಂದರು. ಮಣಿಕಟ್ಟಿನ ಅಪಧಮನಿಯನ್ನು ಅಭಿಧಮನಿಗೆ ಹೊಲಿದರೆ ರಭಸದ ಹರಿವಿಗೆ ಅಭಿಧಮನಿ ಹಿಗ್ಗಿ, ಪದೇ ಪದೇ ಸೂಜಿ ಚುಚ್ಚಿದರೂ ತಾಳುತ್ತದೆ. ಇದೇ ಫಿಸ್ಟುಲಾ.

ಆದರೆ ಅದು ಬಲಿಯಲು ವಾರಗಳೋ ತಿಂಗಳುಗಳೋ ಬೇಕು. ಕುತ್ತಿಗೆಗೆ ಹಾಕುವ ಕ್ಯಾತಿಟರ್ ಕೊಳವೆ ಅಂದೇ ಕೆಲಸಕ್ಕೆ ಬರುತ್ತದೆ, ಜೊತೆಗೆ ಸೋಂಕಿನ ಅಪಾಯವನ್ನೂ ತರುತ್ತದೆ. 2002ರಲ್ಲಿ, ಹಲವು ದೇಶಗಳ ಡಯಾಲಿಸಿಸ್ ಹೋಲಿಸುವ ‘ಡಾಪ್ಸ್’ ಅಧ್ಯಯನ ಅಂಕಿಗಳನ್ನು ಪಕ್ಕಪಕ್ಕ ಇಟ್ಟಿತು: ಯುರೋಪಿನಲ್ಲಿ ಫಿಸ್ಟುಲಾ ಬಳಸುವವರು ಶೇ 80, ಅಮೆರಿಕದಲ್ಲಿ ಶೇ 24. ವಿಧಾನ ಹುಟ್ಟಿದ ದೇಶವೇ ಹಿಂದೆ ಬಿದ್ದಿತ್ತು.

1972ರ ಕಾನೂನಿನಿಂದ ಡಯಾಲಿಸಿಸ್ ವೆಚ್ಚದ ಬಹುಪಾಲು ಹೊತ್ತಿದ್ದ ಅಮೆರಿಕ ಸರ್ಕಾರಕ್ಕೆ ಲೆಕ್ಕ ಕೇಳುವ ಹಕ್ಕಿತ್ತು. 2003ರಲ್ಲಿ ‘ಫಿಸ್ಟುಲಾ ಫಸ್ಟ್’ ಅಭಿಯಾನ ಶುರುವಾಯಿತು. ಮುಂದೆ ಶೇ 66 ರೋಗಿಗಳಿಗೆ ಫಿಸ್ಟುಲಾ ಎಂಬ ಗುರಿ ಬಂತು. 2012ರಿಂದ ಗುಣಮಟ್ಟದ ಅಂಕ ಕಡಿಮೆಯಾದ ಡಯಾಲಿಸಿಸ್ ಕೇಂದ್ರಗಳ ಪಾವತಿಗೆ ಶೇ 2ರವರೆಗೆ ಕತ್ತರಿ ಬೀಳತೊಡಗಿತು. ಈ ಅಂಕಗಳಿಗೆ ಮುಂದೆ ಫಿಸ್ಟುಲಾ ಲೆಕ್ಕವೂ ಸೇರಿತು. ಬರೀ ಆಪರೇಷನ್ ಮಾಡಿದರೆ ಸಾಲುತ್ತಿರಲಿಲ್ಲ: ತಿಂಗಳ ಕೊನೆಯ ಡಯಾಲಿಸಿಸ್‌ನಲ್ಲಿ ಎರಡೂ ಸೂಜಿ ಫಿಸ್ಟುಲಾಕ್ಕೇ ಚುಚ್ಚಿರಬೇಕಿತ್ತು. ಕ್ಯಾತಿಟರ್ 90 ದಿನ ದಾಟಿದರೆ ಅದು ಕೇಂದ್ರದ ಲೋಪ.

ಎಣಿಕೆ ಕೆಲಸ ಮಾಡಿತು, ಫಿಸ್ಟುಲಾ ಹೆಚ್ಚಿದವು. ಆದರೆ 2008ರಲ್ಲಿ ಪ್ರಕಟವಾದ, 877 ರೋಗಿಗಳ ಅಮೆರಿಕನ್ ಅಧ್ಯಯನದಲ್ಲಿ ಹೊಸ ಫಿಸ್ಟುಲಾಗಳ ಪೈಕಿ ಸುಮಾರು ಶೇ 60 ಡಯಾಲಿಸಿಸ್‌ಗೆ ಯೋಗ್ಯವಾಗಲೇ ಇಲ್ಲ. ವಯಸ್ಸಾದ, ಮಧುಮೇಹದಿಂದ ನಾಳ ಕೆಟ್ಟ ರೋಗಿ, ಬಲಿಯದ ಫಿಸ್ಟುಲಾ ಕಾಯುತ್ತ ಕ್ಯಾತಿಟರ್‌ನಲ್ಲೇ ದಿನ ದೂಡಬೇಕು. 2019ರ ಅಮೆರಿಕನ್ ವೈದ್ಯಕೀಯ ಮಾರ್ಗಸೂಚಿ ಧಾಟಿ ಬದಲಿಸಿತು: ಎಲ್ಲರಿಗೂ ಒಂದೇ ದಾರಿಯಲ್ಲ, ಆಯಾ ರೋಗಿಯ ಆಯುಷ್ಯ, ಆಯ್ಕೆಗೆ ತಕ್ಕ ಯೋಜನೆ.

ಒಂದು ಕೊರತೆ ಮಾತ್ರ ಉಳಿದಿದೆ. ಅಂಕ ಬೀಳುವುದು ಡಯಾಲಿಸಿಸ್ ಕೇಂದ್ರಕ್ಕೆ. ಆದರೆ ಮೂತ್ರಪಿಂಡ ಸೋಲುತ್ತಿರುವಾಗಲೇ ರೋಗಿಯನ್ನು ತಜ್ಞರ ಬಳಿ ಕಳಿಸಿದರೇ, ಫಿಸ್ಟುಲಾಕ್ಕೆ ಬೇಕಾದ ಕೈಯಿಂದ ರಕ್ತ ತೆಗೆಯದೆ ನಾಳ ಉಳಿಸಿದರೇ ಎಂಬುದು ತೀರ್ಮಾನವಾಗುವುದು ಅದಕ್ಕೂ ಎಷ್ಟೋ ತಿಂಗಳು ಮೊದಲು, ಬೇರೆ ವೈದ್ಯರ ಕೈಯಲ್ಲಿ. ಅವರ ಪಾಲನ್ನೂ ಅಳೆದರೆ ಲೆಕ್ಕ ನ್ಯಾಯವಾದೀತು.