ಬೀಜದ ಗುಣ, ಗೊಬ್ಬರದ ಅಳತೆ



ಎತ್ತರ ಬೆಳೆಯುವ ಭತ್ತಕ್ಕೆ ಯೂರಿಯಾ ಹೆಚ್ಚಾದರೆ ಪೈರು ಮಲಗುವುದನ್ನು ಕಂಡಿದ್ದೀರಿ. ಮಲಗುವ ಗುಣ ಬೀಜದ್ದು. ಗೊಬ್ಬರದ ಅಳತೆ ನಮ್ಮ ಕೈಯಲ್ಲಿದೆ. ಹೆಣ್ಣುಮಕ್ಕಳ ಪಿ.ಸಿ.ಓ.ಎಸ್., ಅಂದರೆ ಜನ ಪಿ.ಸಿ.ಓ.ಡಿ. ಎನ್ನುವ ತೊಂದರೆಯೂ ಹೀಗೆಯೇ.

ಇದರಲ್ಲಿ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತದೆ. ಮುಖದಲ್ಲಿ ಕೂದಲು, ಮೊಡವೆ ಏಳುತ್ತವೆ. ಕಾರಣವೇನು? ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಇಂಥವರಲ್ಲಿ ಹಲವರ ಮೈಗೆ ಸರಿಯಾಗಿ ನಾಟುವುದಿಲ್ಲ. ಆಗ ದೇಹ ಅದನ್ನು ಹೆಚ್ಚು ತಯಾರಿಸುತ್ತದೆ. ಅದರಿಂದ ಅಂಡಾಶಯದಲ್ಲಿ ಗಂಡು ಹಾರ್ಮೋನು ಮಿತಿಮೀರಿ, ಅಂಡ ಬಲಿತು ಹೊರಬರುವುದಿಲ್ಲ.

ಈ ಗುಣ ವಂಶದಲ್ಲಿ ಹರಿದುಬರುತ್ತದೆ. ನೆದರ್‌ಲ್ಯಾಂಡ್ಸ್ ದೇಶದ ಅವಳಿ ಸೋದರಿಯರ ಬಗ್ಗೆ 2006ರಲ್ಲಿ ಪ್ರಕಟವಾದ ಅಧ್ಯಯನವು, ಇದು ಕೆಲವರಿಗೆ ಬಂದು ಕೆಲವರಿಗೆ ಬಾರದಿರುವುದರಲ್ಲಿ ಸುಮಾರು ನೂರಕ್ಕೆ 70 ಪಾಲು ವಂಶವಾಹಿಗಳದೆಂದು ಅಂದಾಜು ಮಾಡಿತು. ವಂಶವಾಹಿ ಒಂದಲ್ಲ, ಹಲವು. ತಾಯಿಯಿಂದಲೂ ಬರುತ್ತವೆ, ತಂದೆಯಿಂದಲೂ ಬರುತ್ತವೆ. ಮಗಳನ್ನೋ ಸೊಸೆಯನ್ನೋ ಹಳಿಯುವುದು ಅನ್ಯಾಯ.

ನಮ್ಮ ಮನೆಯಲ್ಲೇ ಒಬ್ಬಳಿಗೆ ಹೀಗಾದಾಗ ಎರಡು ವರ್ಷ ಹರಕೆ ಹೊತ್ತು ಕಾಲ ಕಳೆದೆವು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ರಕ್ತದ ಸಕ್ಕರೆ ಏರಿತ್ತು. ನೀವು ತಡಮಾಡಬೇಡಿರಿ.

1. ಬಸಿರಿಲ್ಲದೆ ಮೂರು ತಿಂಗಳು ಮುಟ್ಟು ನಿಂತರೆ ವೈದ್ಯರಿಗೆ ತೋರಿಸಿರಿ.

2. ರಕ್ತದ ಸಕ್ಕರೆ, ರಕ್ತದೊತ್ತಡ ಪರೀಕ್ಷೆ ಮಾಡಿಸಿರಿ. ತಂದೆತಾಯಿ, ಒಡಹುಟ್ಟಿದವರೂ ಮಾಡಿಸಿಕೊಳ್ಳಲಿ. ಇಂಥ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಭಯ ಹೆಚ್ಚು.

3. ತಟ್ಟೆಯಲ್ಲಿ ಅನ್ನ, ಸಿಹಿ ಇಳಿಸಿ ಕಾಳು, ಸೊಪ್ಪು ಏರಿಸಿರಿ. ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ತೂಕ ಹೆಚ್ಚಿದ್ದವರು ನೂರಕ್ಕೆ ಐದರಷ್ಟು ಇಳಿಸಿದರೂ ಹಲವರಿಗೆ ಮುಟ್ಟು ಸರಿಹೋಗುತ್ತದೆ.

ಮಕ್ಕಳಾಗುವುದಿಲ್ಲವೆಂದು ಎದೆಗುಂದಬೇಡಿರಿ, ಅದಕ್ಕೂ ಚಿಕಿತ್ಸೆಯುಂಟು.