ಹುತ್ತದ ಅಣಬೆ

ಹುತ್ತದ ಅಣಬೆಯು ಗೆದ್ದಲು ಗೂಡಿನ ಒಳಗಿನಿಂದ ಬೆಳೆದು ಬರುವ ಕಾಡು ಅಣಬೆ. ಇದು ಲಯೋಫಿಲೇಸಿ ಕುಟುಂಬದ ಟರ್ಮಿಟೊಮೈಸಿಸ್ ಕುಲಕ್ಕೆ ಸೇರಿದೆ. ಫ್ರಾನ್ಸಿನ ಶಿಲೀಂಧ್ರ ವಿಜ್ಞಾನಿ ರೋಜೆ ಹೈಮ್ ೧೯೪೨ರಲ್ಲಿ ಈ ಕುಲವನ್ನು ಹೆಸರಿಸಿದರು. ದಕ್ಷಿಣ ಭಾರತದ ಟರ್ಮಿಟೊಮೈಸಿಸ್ ಹೈಮಿ ಎಂಬ ಪ್ರಭೇದವನ್ನು ಕೆ. ನಟರಾಜನ್ ೧೯೭೯ರಲ್ಲಿ ವಿವರಿಸಿದರು.

ಆವಾಸ

ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟದಂತಹ ಎಲೆ ಉದುರುವ ಕಾಡುಗಳು ಇದರ ಆವಾಸ. ಶಿಲೀಂಧ್ರ ಬೆಳೆಸುವ ಗೆದ್ದಲುಗಳಿರುವೆಡೆ ಬೆಳೆಯಬಲ್ಲದಾದ್ದರಿಂದ ಬದನಗುಪ್ಪೆಯಂತಹ ಬಯಲು ಊರುಗಳ ಹೊಲದ ಬದುಗಳಲ್ಲಿಯೂ ಮಳೆಗಾಲದಲ್ಲಿ ಕಾಣಿಸಿಕೊಳ್ಳಬಹುದು.

ಗೆದ್ದಲುಗಳು ಒಣ ಎಲೆ, ಕಟ್ಟಿಗೆಗಳನ್ನು ತಿಂದು, ತಮ್ಮ ಮಲದಿಂದ ಗೂಡಿನೊಳಗೆ ಜೇನುಹಟ್ಟಿಯಂತಹ ರಚನೆಯನ್ನು ಕಟ್ಟುತ್ತವೆ. ಅದರ ಮೇಲೆ ಬೆಳೆಯುವ ಶಿಲೀಂಧ್ರವು ಗಟ್ಟಿ ನಾರನ್ನು ಜೀರ್ಣಯೋಗ್ಯವಾಗಿಸುತ್ತದೆ; ಗೆದ್ದಲುಗಳು ಅದನ್ನೇ ಆಹಾರವಾಗಿ ಸೇವಿಸುತ್ತವೆ. ಗೆದ್ದಲಿನೊಂದಿಗಿನ ಈ ಸಹಜೀವನದ ಕಾರಣ ಇದನ್ನು ಚಿಪ್ಪಣಬೆ, ಹಾಲಣಬೆಗಳಂತೆ ವಾಣಿಜ್ಯವಾಗಿ ಬೇಸಾಯ ಮಾಡಲು ಸಾಧ್ಯವಾಗಿಲ್ಲ.

ಗುರುತಿಸುವಿಕೆ

ಕೊಡೆಯ ನಡುವೆ ಮೊನಚಾದ ಅಥವಾ ದುಂಡನೆಯ ಉಬ್ಬು ಇರುತ್ತದೆ. ದೊಡ್ಡ ಪ್ರಭೇದಗಳ ಕಾಂಡವು ನೆಲದಡಿಯಲ್ಲಿ ಹುಸಿಬೇರಾಗಿ ಮುಂದುವರಿದು ಗೆದ್ದಲಿನ ಗೂಡನ್ನು ಮುಟ್ಟುತ್ತದೆ. ಬೀಜಾಣುಗಳ ರಾಶಿ ನಸುಗುಲಾಬಿ ಬಣ್ಣದ್ದು. ಬಣ್ಣವನ್ನು ತಿಳಿಯಲು ಕೊಡೆಯನ್ನು ಕತ್ತರಿಸಿ, ಕಿವಿರುಗಳು ಕೆಳಮುಖವಾಗುವಂತೆ ಬಿಳಿ ಕಾಗದದ ಮೇಲೆ ಇಟ್ಟು, ರಾತ್ರಿಯಿಡೀ ಮುಚ್ಚಿಡಬೇಕು. ಟರ್ಮಿಟೊಮೈಸಿಸ್ ಮೈಕ್ರೊಕಾರ್ಪಸ್ ಎಂಬ ಪುಟ್ಟ ಪ್ರಭೇದಕ್ಕೆ ಹುಸಿಬೇರು ಇರುವುದಿಲ್ಲ. ಇದು ನೂರಾರು ಸಂಖ್ಯೆಯಲ್ಲಿ ಒಟ್ಟಾಗಿ ಮೂಡುತ್ತದೆ.

ವಿಷಕಾರಿ ಅಣಬೆಗಳಿಂದ ವ್ಯತ್ಯಾಸ

ಹುಲ್ಲುಗಾವಲಿನಲ್ಲಿ ಬೆಳೆಯುವ ಕ್ಲೋರೊಫಿಲಮ್ ಮಾಲಿಬ್ಡೈಟಿಸ್ ಎಂಬ ವಿಷದ ಅಣಬೆಯ ಬೀಜಾಣುಗಳು ಹಸಿರು. ಇದನ್ನು ತಿಂದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿಭೇದಿ ಆರಂಭವಾಗುತ್ತದೆ. ಅಮಾನಿಟಾ ಕುಲದ ಮಾರಕ ಅಣಬೆಗಳ ಬೀಜಾಣುಗಳು ಬಿಳಿ. ಅವುಗಳ ಕಾಂಡದ ಬುಡದಲ್ಲಿ ಬಟ್ಟಲಿನಂತಹ ಚೀಲವಿರುತ್ತದೆ. ಮೇಲಿನಿಂದ ಕಿತ್ತರೆ ಈ ಚೀಲ ಮಣ್ಣಿನಲ್ಲಿಯೇ ಉಳಿಯುವುದರಿಂದ ಬುಡಸಹಿತ ಅಗೆದು ನೋಡುವುದು ಅಗತ್ಯ. ಇವುಗಳ ವಿಷದ ಲಕ್ಷಣಗಳು ಸಾಮಾನ್ಯವಾಗಿ ಆರು ಗಂಟೆಗಳ ಬಳಿಕ ಕಾಣಿಸಿಕೊಂಡು, ನಡುವೆ ಚೇತರಿಕೆಯ ಭ್ರಮೆ ಮೂಡಿಸಿ, ಅನಂತರ ಯಕೃತ್ತನ್ನು ನಾಶಪಡಿಸುತ್ತವೆ. ಬೇಯಿಸಿದರೂ ಈ ವಿಷ ಹೋಗುವುದಿಲ್ಲ.

ಹುಳು ತಿಂದ ಅಣಬೆ ಸುರಕ್ಷಿತ, ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ ವಿಷವಿಲ್ಲ ಎಂಬ ನಂಬಿಕೆಗಳಿಗೆ ಆಧಾರವಿಲ್ಲ. ಹುತ್ತದ ಬಳಿ ಬೆಳೆದದ್ದೆಲ್ಲ ಹುತ್ತದ ಅಣಬೆಯೂ ಅಲ್ಲ. ಎಲ್ಲ ಲಕ್ಷಣಗಳೂ ಹೊಂದದ ಅಣಬೆಯನ್ನು ತಿನ್ನಬಾರದು; ತಿಂದ ಬಳಿಕ ಅಸ್ವಸ್ಥತೆ ಕಂಡರೆ ಉಳಿದ ಅಣಬೆಯೊಂದಿಗೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.