ಗಣಕಯಂತ್ರದ ಕಡತಗಳು: ಹಂಚಿಕೆ ಮತ್ತು ಕಾವಲು

ವಿದ್ಯಾಸಂಸ್ಥೆಯೆಂಬುದು ಹಲವು ಕೈಗಳು ಕೂಡಿ ನಡೆಸುವ ಕಾರ್ಯ. ಪ್ರವೇಶದ ದಾಖಲೆ, ಹಾಜರಿ, ವೇಳಾಪಟ್ಟಿ, ಅಂಕಪಟ್ಟಿ, ಪಾಠಟಿಪ್ಪಣಿ ಇವೆಲ್ಲವೂ ಒಬ್ಬರಿಂದ ಇನ್ನೊಬ್ಬರಿಗೆ ಸಾಗುತ್ತಲೇ ಇರಬೇಕು. ಹಿಂದೆ ಬೀರುವಿನಲ್ಲಿ ಕಟ್ಟುಕಟ್ಟಾಗಿ ಇರುತ್ತಿದ್ದ ಈ ಕಾಗದಪತ್ರಗಳು ಇಂದು ಬಹುಮಟ್ಟಿಗೆ ಗಣಕಯಂತ್ರವನ್ನು ಸೇರಿವೆ. ಅವನ್ನು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಕೊಠಡಿಯಿಂದ ಕೊಠಡಿಗೆ ಒಯ್ಯುವುದು ಅನೇಕ ಕಡೆ ರೂಢಿ. ಆದರೆ ಹೀಗೆ ಮಾಡಿದಾಗ ಒಂದೇ ಅಂಕಪಟ್ಟಿಗೆ ನಾಲ್ಕು ಪ್ರತಿಗಳು ಹುಟ್ಟಿ, ತಿದ್ದಿದ ಪ್ರತಿ ಯಾವುದು, ತಿದ್ದದ ಪ್ರತಿ ಯಾವುದು ಎಂಬುದೇ ತಿಳಿಯದಂತಾಗುತ್ತದೆ. ಯಂತ್ರದಿಂದ ಯಂತ್ರಕ್ಕೆ ವೈರಸ್ಸೂ ಜೊತೆಗೇ ಸಂಚರಿಸುತ್ತದೆ. ಇದಕ್ಕೆ ಪರಿಹಾರವೆಂದರೆ ಒಂದು ಯಂತ್ರದಲ್ಲಿರುವ ಫೋಲ್ಡರನ್ನು, ಎಂದರೆ ಕಡತಗಳನ್ನಿರಿಸುವ ಕೋಶವನ್ನು, ಆವರಣದ ಜಾಲದ ಮೂಲಕ ಉಳಿದ ಯಂತ್ರಗಳಿಗೂ ತೆರೆದಿಡುವುದು. ತೆರೆದಿಟ್ಟದ್ದನ್ನು ಕಾಯುವ ಬಗೆಯನ್ನೂ ಅದರೊಡನೆಯೇ ಅರಿತಿರಬೇಕು.

ಯಂತ್ರಗಳು ಪರಸ್ಪರ ಕಡತಗಳನ್ನು ಕೇಳಿ ಪಡೆಯಲು ಒಂದು ಸಮಾನ ಭಾಷೆ ಬೇಕು. ಅಂಥ ಭಾಷೆಗಳಲ್ಲಿ ಅತ್ಯಂತ ಪ್ರಚಲಿತವಾದದ್ದು ‘ಸರ್ವರ್ ಮೆಸೇಜ್ ಬ್ಲಾಕ್’, ಸಂಕ್ಷೇಪವಾಗಿ ಎಸ್.ಎಂ.ಬಿ. ಇದನ್ನು ೧೯೮೩ರಲ್ಲಿ ಐ.ಬಿ.ಎಂ. ಸಂಸ್ಥೆಯ ಬ್ಯಾರಿ ಫೈಗೆನ್‌ಬಾಮ್ ರೂಪಿಸಿದರು. ಮುಂದೆ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸಿನಲ್ಲಿ ಇದನ್ನು ಅಳವಡಿಸಿ ಬೆಳೆಸಿತು. ೧೯೯೧ರ ಕೊನೆಯಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ ಎಂಬವರು ಯಂತ್ರಗಳ ನಡುವಿನ ಸಂವಾದವನ್ನು ಆಲಿಸಿ, ಅದರ ನಿಯಮಗಳನ್ನು ಗ್ರಹಿಸಿ, ಬೇರೆ ಬಗೆಯ ಯಂತ್ರಗಳೂ ಇದೇ ಭಾಷೆಯನ್ನಾಡುವಂತೆ ಮಾಡಲು ತೊಡಗಿದರು. ಎಸ್, ಎಂ, ಬಿ ಎಂಬ ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಶಬ್ದವನ್ನು ಯಂತ್ರದ ಪದಪಟ್ಟಿಯಲ್ಲಿ ಹುಡುಕಿ ಅವರು ಅದಕ್ಕೆ ‘ಸಾಂಬಾ’ ಎಂದು ಹೆಸರಿಟ್ಟರು. ವಿಂಡೋಸ್ ಯಂತ್ರವೂ ಲಿನಕ್ಸ್ ಯಂತ್ರವೂ ಇಂದು ಒಂದೇ ಕೋಶವನ್ನು ಬಳಸುವುದು ಈ ಸಾಂಬಾದ ನೆರವಿನಿಂದ.

ಇನ್ನು ಕಾವಲಿನ ವಿಚಾರ. ಇಲ್ಲಿ ಏಳುವ ಪ್ರಶ್ನೆಗಳು ಎರಡೇ: ಬರುವವನಾರು? ಬಂದವನು ಏನು ಮಾಡಬಹುದು? ಮನೆಯ ಉಗ್ರಾಣದ ಬೀಗದ ಕೈ ಎಲ್ಲರ ಬಳಿ ಇರುವುದಿಲ್ಲ; ಬೀಗದ ಕೈ ಉಳ್ಳವರೂ ಎಲ್ಲವನ್ನೂ ಹೊರಗೆ ಸಾಗಿಸುವಂತಿಲ್ಲ. ಮೊದಲನೆಯ ಪ್ರಶ್ನೆಗೆ ಉತ್ತರ ಹೆಸರು ಮತ್ತು ಪಾಸ್‌ವರ್ಡ್. ಪ್ರತಿಯೊಬ್ಬರಿಗೂ ಪ್ರತ್ಯೇಕ ಹೆಸರಿರಬೇಕು. ‘ಕಚೇರಿ’ ಎಂಬ ಒಂದೇ ಹೆಸರನ್ನು ಹತ್ತು ಜನ ಬಳಸಿದರೆ, ಅಂಕವೊಂದು ಬದಲಾದಾಗ ಬದಲಿಸಿದವರಾರೆಂದು ಹೇಳಲು ಯಂತ್ರಕ್ಕೂ ಸಾಧ್ಯವಿಲ್ಲ. ನಿರಪರಾಧಿಯ ಮೇಲೂ ಸಂಶಯ ಬೀಳುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರ ಅಧಿಕಾರಭೇದ. ಓದುವ ಅಧಿಕಾರ ಬೇರೆ, ತಿದ್ದುವ ಹಾಗೂ ಅಳಿಸುವ ಅಧಿಕಾರ ಬೇರೆ.

ವಿಂಡೋಸಿನಲ್ಲಿ ಹಂಚಿದ ಕೋಶಕ್ಕೆ ಎರಡು ಬಾಗಿಲುಗಳಿವೆ. ಜಾಲದ ಮೂಲಕ ಬರುವವರಿಗೆ ಅನ್ವಯಿಸುವ ‘ಶೇರ್’ ಅನುಮತಿ ಹೊರಬಾಗಿಲು. ಕಡತಗಳಿಗೇ ಅಂಟಿಕೊಂಡಿರುವ ‘ಸೆಕ್ಯುರಿಟಿ’ ಅನುಮತಿ ಒಳಬಾಗಿಲು. ಎರಡನ್ನೂ ದಾಟಬೇಕಾದುದರಿಂದ ಅವುಗಳಲ್ಲಿ ಬಿಗಿಯಾದುದೇ ಕೊನೆಗೆ ನಿಲ್ಲುತ್ತದೆ. ಹೊರಬಾಗಿಲಲ್ಲಿ ಪೂರ್ಣ ಅಧಿಕಾರವಿದ್ದು ಒಳಬಾಗಿಲಲ್ಲಿ ಓದುವ ಅಧಿಕಾರವಷ್ಟೇ ಇದ್ದರೆ, ಬಂದವನು ಓದಬಲ್ಲನೇ ಹೊರತು ತಿದ್ದಲಾರ. ಆದರೆ ಕೋಶವಿರುವ ಯಂತ್ರದ ಮುಂದೆಯೇ ಕುಳಿತವನಿಗೆ ಹೊರಬಾಗಿಲು ಎದುರಾಗುವುದೇ ಇಲ್ಲ. ಆದುದರಿಂದ ಒಳಬಾಗಿಲನ್ನು ಸಡಿಲವಾಗಿ ಬಿಡಬಾರದು. ಅನುಮತಿಯ ಪಟ್ಟಿಯಲ್ಲಿ ‘ಎವ್ರಿವನ್’, ಎಂದರೆ ‘ಎಲ್ಲರೂ’, ಎಂಬ ಹೆಸರು ಕಂಡರೆ ಅದನ್ನು ತೆಗೆದು, ಬೇಕಾದವರ ಹೆಸರುಗಳನ್ನು ಮಾತ್ರ ಸೇರಿಸುವುದು ಲೇಸು.

ಶಾಲೆಯೊಂದರಲ್ಲಿ ಇದನ್ನು ಹೀಗೆ ಏರ್ಪಡಿಸಬಹುದು. ಪಾಠಟಿಪ್ಪಣಿಗಳ ಕೋಶವನ್ನು ವಿದ್ಯಾರ್ಥಿಗಳು ಓದಬಹುದು, ಅಧ್ಯಾಪಕರು ತಿದ್ದಬಹುದು. ಅಂಕಪಟ್ಟಿಯನ್ನು ಆಯಾ ವಿಷಯದ ಅಧ್ಯಾಪಕರು ತಿದ್ದಬಹುದು, ಮುಖ್ಯೋಪಾಧ್ಯಾಯರು ಓದಬಹುದು, ವಿದ್ಯಾರ್ಥಿಗಳಿಗೆ ಅದು ಕಾಣಿಸಲೂ ಬಾರದು. ಪ್ರಶ್ನೆಪತ್ರಿಕೆಯನ್ನಂತೂ ಪರೀಕ್ಷೆ ಮುಗಿಯುವವರೆಗೆ ಹಂಚಿದ ಕೋಶದಲ್ಲಿ ಇರಿಸದಿರುವುದೇ ಮೇಲು. ಮಕ್ಕಳ ವಿಳಾಸ, ಜನ್ಮದಿನಾಂಕ, ಆಧಾರ್ ಸಂಖ್ಯೆ ಮುಂತಾದವು ಸಂಸ್ಥೆಯ ಸ್ವತ್ತಲ್ಲ, ನ್ಯಾಸ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹದಿನೆಂಟು ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸುತ್ತದೆ. ಮಾಹಿತಿ ಪಡೆದವರು ಅದನ್ನು ಸೋರಿಕೆಯಿಂದ ಕಾಪಾಡಬೇಕೆಂದು ವಿಧಿಸುತ್ತದೆ.

ಈ ಎಚ್ಚರಿಕೆಯನ್ನು ಅಲಕ್ಷಿಸಿದರೆ ಒದಗುವ ವಿಪತ್ತಿಗೆ ನಿದರ್ಶನವಿದೆ. ೨೦೧೭ರ ಮೇ ೧೨ರಂದು ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಎಸ್.ಎಂ.ಬಿ.ಯ ಮೊದಲನೆಯ ಆವೃತ್ತಿಯಲ್ಲಿದ್ದ ದೋಷದ ಮೂಲಕ ಯಂತ್ರದಿಂದ ಯಂತ್ರಕ್ಕೆ ಹಬ್ಬಿತು. ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸಿಕೊಡಲು ಹಣ ಕೇಳುವುದು ಅದರ ರೀತಿ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ೨೩೬ ಆಡಳಿತ ಘಟಕಗಳಲ್ಲಿ ಸುಮಾರು ೮೦ ಘಟಕಗಳು ಇದರಿಂದ ಬಾಧಿತವಾದವು. ರೋಗಿಗಳಿಗೆ ಗೊತ್ತುಪಡಿಸಿದ್ದ ೧೯,೦೦೦ಕ್ಕೂ ಹೆಚ್ಚು ಭೇಟಿಗಳು ರದ್ದಾದವೆಂದು ಅಂದಾಜು. ಶೋಚನೀಯವಾದ ಸಂಗತಿಯೆಂದರೆ, ಆ ದೋಷವನ್ನು ಮುಚ್ಚುವ ಪರಿಷ್ಕರಣವನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ ೧೪ರಂದೇ ನೀಡಿತ್ತು. ಎರಡು ತಿಂಗಳಾದರೂ ಅದನ್ನು ಹಾಕಿಕೊಳ್ಳದ ಯಂತ್ರಗಳು ತುತ್ತಾದವು.

ಆದಕಾರಣ ಕೆಲವು ನಿಯಮಗಳನ್ನು ತಪ್ಪದೆ ಪಾಲಿಸಬೇಕು. ಮೊದಲನೆಯದಾಗಿ, ಯಂತ್ರಗಳಿಗೆ ಪರಿಷ್ಕರಣಗಳನ್ನು ಕಾಲಕಾಲಕ್ಕೆ ಹಾಕಬೇಕು, ಎಸ್.ಎಂ.ಬಿ.ಯ ಮೊದಲನೆಯ ಆವೃತ್ತಿಯನ್ನು ಸಂಪೂರ್ಣವಾಗಿ ನಿಲ್ಲಿಸಿ, ಜಾಲದಲ್ಲಿ ಸಾಗುವ ಕಡತವನ್ನು ಗೂಢಲಿಪಿಯಲ್ಲಿ ಕಳುಹಿಸಬಲ್ಲ ಮೂರನೆಯ ಆವೃತ್ತಿಯನ್ನು ಬಳಸಬೇಕು. ಎರಡನೆಯದಾಗಿ, ಅತಿಥಿಗಳಿಗೂ ವಿದ್ಯಾರ್ಥಿಗಳ ಮೊಬೈಲುಗಳಿಗೂ ಕೊಡುವ ವೈಫೈ ಕಚೇರಿಯ ಜಾಲದಿಂದ ಬೇರೆಯಾಗಿರಬೇಕು. ಮೂರನೆಯದಾಗಿ, ಎಸ್.ಎಂ.ಬಿ. ಬಳಸುವ ೪೪೫ನೆಯ ದ್ವಾರವನ್ನು ರೂಟರಿನಲ್ಲಿ ಇಂಟರ್‌ನೆಟ್ಟಿಗೆ ಎಂದಿಗೂ ತೆರೆಯಬಾರದು. ಹೊರಗಿನಿಂದ ಕಡತ ಬೇಕಾದವರು ವಿ.ಪಿ.ಎನ್. ಎಂಬ ಸುರಕ್ಷಿತ ಮಾರ್ಗದಿಂದ ಬರಲಿ. ನಾಲ್ಕನೆಯದಾಗಿ, ಕಡತಗಳ ಪ್ರತಿಯೊಂದನ್ನು ಜಾಲಕ್ಕೆ ಸೇರದ ಡಿಸ್ಕಿನಲ್ಲಿ ತೆಗೆದಿಡಬೇಕು. ಸೋಂಕು ತಗುಲಿದ ಯಂತ್ರದ ಬಳಕೆದಾರನಿಗೆ ಯಾವ ಕೋಶದಲ್ಲಿ ತಿದ್ದುವ ಅಧಿಕಾರವಿದೆಯೋ ಆ ಕೋಶವೆಲ್ಲ ಕೆಡಬಹುದು. ಓದುವ ಅಧಿಕಾರ ಮಾತ್ರವಿದ್ದಲ್ಲಿ ಅವನ ಹೆಸರಿನಿಂದ ಅದು ಏನನ್ನೂ ಅಳಿಸಲಾರದು. ಅಧಿಕಾರವನ್ನು ಮಿತವಾಗಿ ಕೊಡಬೇಕೆಂಬುದು ಅಪನಂಬಿಕೆಯ ಮಾತಲ್ಲವೆಂಬುದು ಇದರಿಂದ ವಿಶದವಾಗುತ್ತದೆ. ಅದು ಅಧಿಕಾರ ಪಡೆದವನಿಗೂ ರಕ್ಷೆ.

ಮನೆಯಲ್ಲಿಯೂ ಇದೇ ಕ್ರಮ ಸಾಕು. ಇಡೀ ಡಿಸ್ಕನ್ನು ತೆರೆಯದೆ, ಭಾವಚಿತ್ರಗಳಿಗೊಂದು, ಮಕ್ಕಳ ಓದಿಗೊಂದು ಕೋಶವನ್ನು ಮಾತ್ರ ಹಂಚುವುದು ಯುಕ್ತ. ವರ್ಷಕ್ಕೊಮ್ಮೆ ಅನುಮತಿಯ ಪಟ್ಟಿಯನ್ನು ಓದಿನೋಡಿ, ವರ್ಗವಾಗಿ ಹೋದವರ, ನಿವೃತ್ತರಾದವರ ಹೆಸರುಗಳನ್ನು ತೆಗೆಯುವುದು ಸಂಸ್ಥೆಗಳ ಕರ್ತವ್ಯ. ಶಾಲೆಯ ಹೊಸ ವರ್ಷ ಆರಂಭವಾಗುವ ಜೂನ್ ತಿಂಗಳು ಈ ಕಾರ್ಯಕ್ಕೆ ಪ್ರಶಸ್ತವಾದ ಕಾಲ.